ಟೈಸನ್‌ನನ್ನು ರಿಂಗಿನೊಳಗೆ ಬಿಡುವವರು ಯಾರು?

ಕಳೆದ ಸಲ ಊರಿಗೆ ಹೋಗಿದ್ದಾಗ ಕುಕ್ಕುಂದೂರಿನ ಜೋಡುರಸ್ತೆಯ ಗೂಡಂಗಡಿಯೊಂದರ ಎದುರು ನಾವು ಮೂವರು ಗೆಳೆಯರು ಒಂದು ಗಂಟೆ ಜಗಳವಾಡಿದೆವು. ವಿಷಯ ಇಷ್ಟೇ: ಮೈಕ್ ಟೈಸನ್‌ನನ್ನು 1910ಕ್ಕೆ ಕಳಿಸಿದರೆ ಏನಾಗುತ್ತಿತ್ತು? ಒಬ್ಬನ ಮೊಬೈಲಿನಲ್ಲಿ ಯಾರೋ ಕಂಪ್ಯೂಟರಿನಲ್ಲಿ ತಯಾರಿಸಿದ ವಿಡಿಯೋ ಇತ್ತು. ಒಂದು ಮೂಲೆಯಲ್ಲಿ ಕಪ್ಪು ಚಡ್ಡಿಯ ಟೈಸನ್, ಇನ್ನೊಂದರಲ್ಲಿ ಹಳೆಯ ಕಾಲದ ಬಿಳಿಯ ಚಾಂಪಿಯನ್ ಜಿಮ್ ಜೆಫ್ರೀಸ್. "ಒಂದು ರೌಂಡು ನಿಲ್ಲುದಿಲ್ಲ ಮಾರಾಯ ಅವ" ಎಂದ ವಿಡಿಯೋ ತೋರಿಸಿದವನು. ಇನ್ನೊಬ್ಬ ಒಪ್ಪಲಿಲ್ಲ. ಆಗಿನ ಪಂದ್ಯವೆಂದರೆ 45 ಸುತ್ತು, ನೆತ್ತಿಯ ಮೇಲೆ ಬಿಸಿಲು, ಕೈಗವಸೂ ತೆಳು. ಹತ್ತನೆಯ ಸುತ್ತಿಗೆಲ್ಲ ಟೈಸನ್ ಬಸವಳಿದು ಬೀಳುತ್ತಾನೆ ಎಂದು ಅವನ ವಾದ. ನಾನು ಟೈಸನ್ ಪಕ್ಷ. ತೂಕ, ಕೈಯ ಉದ್ದ, ಊಟ, ತರಬೇತಿ ಎಲ್ಲವನ್ನೂ ಲೆಕ್ಕಕ್ಕೆ ತಂದೆವು.

ಒಂದನ್ನು ಬಿಟ್ಟು. ಜೆಫ್ರೀಸ್ ಚಾಂಪಿಯನ್ ಆಗಿದ್ದಷ್ಟು ಕಾಲ ಕಪ್ಪು ಜನಾಂಗದ ಯಾವ ಬಾಕ್ಸರ್‌ಗೂ ಪಟ್ಟಕ್ಕಾಗಿ ಸೆಣಸುವ ಅವಕಾಶ ಕೊಡಲಿಲ್ಲ. ಟೈಸನ್ ಒಂದು ಸುತ್ತು ನಿಲ್ಲುತ್ತಾನೋ ಹತ್ತು ಸುತ್ತು ನಿಲ್ಲುತ್ತಾನೋ ಎಂಬ ಪ್ರಶ್ನೆ ಆಮೇಲಿನದು. ಮೊದಲು ಅವನನ್ನು ಹಗ್ಗದೊಳಗೆ ಬಿಡಬೇಕಲ್ಲ?

ಆವತ್ತು ರಾತ್ರಿ ಮನೆಗೆ ಬಂದ ಮೇಲೆ ಇದು ಹೊಳೆಯಿತು. ನಾಚಿಕೆಯೂ ಆಯಿತು. ಯಾಕೆಂದರೆ ಕರಾವಳಿಯ ಆಟ, ಸ್ಪರ್ಧೆಗಳು ಸಾಹಿತ್ಯದಲ್ಲಿ ಹೇಗೆ ಬಂದಿವೆ ಎಂಬ ವಿಷಯದ ಮೇಲೆಯೇ ನಾನು ಸಂಶೋಧನೆ ಮಾಡುತ್ತಿರುವುದು. 'ಅವನು ಆ ಕಾಲದಲ್ಲಿ ಇದ್ದಿದ್ದರೆ' ಎಂಬ ಕಲ್ಪನೆಯನ್ನು ಗೂಡಂಗಡಿಯ ಹರಟೆ ಎಂದು ಬದಿಗಿಡಬಹುದು. ಆದರೆ ಅದು ಕೂಡ ಕಥೆ ಹೇಳುವ ಒಂದು ಪ್ರಕಾರ. ಅದಕ್ಕೆ ಅದರದೇ ನಿಯಮಗಳಿವೆ, ಅದರದೇ ಮರೆವೂ ಇದೆ. ಆ ಮರೆವನ್ನು ಓದುವುದು ಈ ಲೇಖನದ ಉದ್ದೇಶ.

ಈ ಪ್ರಕಾರದ ದೊಡ್ಡ ಪಠ್ಯ ಹುಟ್ಟಿದ್ದು 1967ರಲ್ಲಿ. ಅಮೆರಿಕದ ಮಯಾಮಿಯ ಮರ್ರೆ ವೊರೋನರ್ ಎಂಬಾತ ಬೇರೆ ಬೇರೆ ಕಾಲದ ಹೆವಿವೇಟ್ ಬಾಕ್ಸರ್‌ಗಳ ವಿವರಗಳನ್ನು ಕಂಪ್ಯೂಟರಿಗೆ ತುಂಬಿಸಿ, ಅದು ಕೊಟ್ಟ ಫಲಿತಾಂಶಗಳನ್ನು ರೇಡಿಯೋದಲ್ಲಿ ನಿಜವಾದ ಪಂದ್ಯದ ವೀಕ್ಷಕ ವಿವರಣೆಯಂತೆ ಪ್ರಸಾರ ಮಾಡಿದ. ಮುಹಮ್ಮದ್ ಅಲಿ ಆಗ ಮೂವತ್ತರೊಳಗಿನ, ಒಮ್ಮೆಯೂ ಸೋಲದ ಬಾಕ್ಸರ್. ವಿಯೆಟ್ನಾಂ ಯುದ್ಧಕ್ಕೆ ಸೇರಲು ಒಪ್ಪದ ಕಾರಣ ಅದೇ ವರ್ಷ ಅವನ ಪಟ್ಟ ಕಿತ್ತುಕೊಂಡು, ನಿಜವಾದ ರಿಂಗಿನಿಂದ ಹೊರಗಿಟ್ಟಿದ್ದರು. ಕಂಪ್ಯೂಟರಿನ ರಿಂಗಿನಲ್ಲಿ ಅವನನ್ನು ಸೋಲಿಸಿದ್ದು ಯಾರು ಗೊತ್ತೆ? ಜಿಮ್ ಜೆಫ್ರೀಸ್! ಅಲಿ ಮಾನನಷ್ಟವಾಯಿತೆಂದು ಹತ್ತು ಲಕ್ಷ ಡಾಲರಿನ ದಾವೆ ಹೂಡಿದ. ಆಮೇಲೆ 1969ರಲ್ಲಿ ಅದೇ ಅಲಿ, ನಿವೃತ್ತನಾಗಿದ್ದ ಬಿಳಿಯ ಚಾಂಪಿಯನ್ ರಾಕಿ ಮಾರ್ಸಿಯಾನೊ ಜೊತೆ ಕ್ಯಾಮೆರಾ ಎದುರು ಸುತ್ತು ಸುತ್ತಾಗಿ ಹೊಡೆದಾಡುವ ನಟನೆ ಮಾಡಿದ. ಒಂದಕ್ಕಿಂತ ಹೆಚ್ಚು ಅಂತ್ಯಗಳನ್ನು ಚಿತ್ರಿಸಿಕೊಂಡಿದ್ದರು. 1970ರ ಜನವರಿಯಲ್ಲಿ ಅಮೆರಿಕದ ಚಿತ್ರಮಂದಿರಗಳಲ್ಲಿ ಜನ ಕಂಡ ಅಂತ್ಯದಲ್ಲಿ ಅಲಿ 13ನೆಯ ಸುತ್ತಿನಲ್ಲಿ ನೆಲಕ್ಕೆ ಬೀಳುತ್ತಾನೆ.

ಕಂಪ್ಯೂಟರು ಸುಳ್ಳು ಹೇಳಿತು ಎಂಬುದು ನನ್ನ ದೂರಲ್ಲ. ಅದಕ್ಕೆ ಕೊಟ್ಟ ವಿವರಗಳನ್ನು ನೋಡಿ: ವೇಗ, ಬಲ, ಹೊಡೆತ ತಿನ್ನುವ ತಾಕತ್ತು. ಪಂದ್ಯ ನಡೆಯಲು ಯಾರು ಸಹಿ ಹಾಕಿದರು, ಯಾರು ಹಾಕಲಿಲ್ಲ ಎಂಬುದು ಅದರಲ್ಲಿ ಇರಲಿಲ್ಲ. ಕಾಲದಿಂದ ಕಾಲಕ್ಕೆ ಸಾಗಿಸುವಾಗ ನಾವು ಬಾಕ್ಸರ್‌ನ ಮೈಯನ್ನು ಮಾತ್ರ ಗಾಡಿಗೆ ಹತ್ತಿಸುತ್ತೇವೆ. ಆ ಮೈಯ ಬಣ್ಣಕ್ಕೆ ಆ ಕಾಲ ಏನು ಮಾಡುತ್ತಿತ್ತು ಎಂಬುದನ್ನು ಇಲ್ಲೇ ಬಿಟ್ಟು ಹೋಗುತ್ತೇವೆ.

ನಿಜವಾದ 1910ರಲ್ಲಿ ಹೆವಿವೇಟ್ ಪಟ್ಟ ಇದ್ದದ್ದು ಜಾಕ್ ಜಾನ್ಸನ್ ಎಂಬ ಕಪ್ಪು ಬಾಕ್ಸರ್ ಬಳಿ. ಅದನ್ನು ಪಡೆಯಲು ಅವನು ಆಗಿನ ಬಿಳಿಯ ಚಾಂಪಿಯನ್ ಟಾಮಿ ಬರ್ನ್ಸ್‌ನನ್ನು ಇಂಗ್ಲೆಂಡು, ಫ್ರಾನ್ಸು, ಕೊನೆಗೆ ಆಸ್ಟ್ರೇಲಿಯಾದವರೆಗೆ ಬೆನ್ನಟ್ಟಬೇಕಾಯಿತು. 1908ರ ಡಿಸೆಂಬರ್ 26ರಂದು ಸಿಡ್ನಿಯಲ್ಲಿ ಪಂದ್ಯ ನಡೆದಾಗ ಬರ್ನ್ಸ್‌ಗೆ 30,000 ಡಾಲರ್, ಜಾನ್ಸನ್‌ಗೆ 5,000. 14ನೆಯ ಸುತ್ತಿನಲ್ಲಿ ಪೊಲೀಸರು ಪಂದ್ಯ ನಿಲ್ಲಿಸಿದರು. ಬಿಳಿಯ ಚಾಂಪಿಯನ್ ಕುಸಿಯುವುದು ದಾಖಲಾಗದಂತೆ ಕ್ಯಾಮೆರಾವನ್ನೂ ನಿಲ್ಲಿಸಲಾಯಿತು. ನಿವೃತ್ತನಾಗಿದ್ದ ಜೆಫ್ರೀಸ್‌ನನ್ನು 'ಬಿಳಿಯರ ಮಾನ ಉಳಿಸು' ಎಂದು ಮರಳಿ ಕರೆತಂದರು. 1910ರ ಜುಲೈ 4ರಂದು ರೀನೋದಲ್ಲಿ ಜಾನ್ಸನ್ ಅವನನ್ನು 15ನೆಯ ಸುತ್ತಿನಲ್ಲಿ ಮುಗಿಸಿದ. ಆ ಸಂಜೆ ಅಮೆರಿಕದ ಊರೂರುಗಳಲ್ಲಿ ದೊಂಬಿ ಎದ್ದಿತು, ಜನ ಸತ್ತರು. 1912ರಲ್ಲಿ ಬಾಕ್ಸಿಂಗ್ ಪಂದ್ಯಗಳ ಚಲನಚಿತ್ರವನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸುವುದನ್ನೇ ನಿಷೇಧಿಸುವ ಕಾನೂನು ಬಂತು. 1913ರಲ್ಲಿ ಬಿಳಿಯರೇ ತುಂಬಿದ ಜ್ಯೂರಿ, ಬಿಳಿಯ ಹೆಣ್ಣೊಬ್ಬಳ ಜೊತೆಗಿನ ಸಂಬಂಧವನ್ನು ಹಿಡಿದು ಜಾನ್ಸನ್‌ನನ್ನು ಅಪರಾಧಿ ಎಂದಿತು. ಅವನಿಗೆ ಅಧ್ಯಕ್ಷರ ಕ್ಷಮಾದಾನ ಸಿಕ್ಕಿದ್ದು 2018ರಲ್ಲಿ. ಅವನು ಸತ್ತು 70 ವರ್ಷ ದಾಟಿದ ಮೇಲೆ.

1915ರಲ್ಲಿ ಹವಾನಾದಲ್ಲಿ ಜಾನ್ಸನ್ ಪಟ್ಟ ಕಳೆದುಕೊಂಡ ನಂತರ ಇನ್ನೊಬ್ಬ ಕಪ್ಪು ಬಾಕ್ಸರ್ ಅದನ್ನು ಗೆಲ್ಲಲು 22 ವರ್ಷ ಬೇಕಾಯಿತು. ಆ ನಡುವೆ ಹ್ಯಾರಿ ವಿಲ್ಸ್ ಎಂಬವನು ಜಾಕ್ ಡೆಂಪ್ಸಿ ಎದುರಿನ ಪಂದ್ಯಕ್ಕಾಗಿ ಕಾದು ಕಾದು ಮುದುಕನಾದ. ಸ್ಯಾಮ್ ಲ್ಯಾಂಗ್‌ಫರ್ಡ್ ಎಂಬ ಮಹಾನ್ ಬಾಕ್ಸರ್‌ಗೂ ಹೆವಿವೇಟ್ ಪಟ್ಟದ ಪಂದ್ಯ ಸಿಗಲಿಲ್ಲ. ಹೊರಗುಳಿದ ಇವರಿಬ್ಬರು ಪರಸ್ಪರರ ಜೊತೆಯೇ ಹದಿನೈದಕ್ಕೂ ಹೆಚ್ಚು ಸಲ ಹೊಡೆದಾಡಿದರು. ಇನ್ನೊಂದು ಕಹಿಯನ್ನೂ ಹೇಳಬೇಕು: ಪಟ್ಟ ಸಿಕ್ಕ ಮೇಲೆ ಜಾನ್ಸನ್ ಕೂಡ ಲ್ಯಾಂಗ್‌ಫರ್ಡ್‌ಗೆ ಅವಕಾಶ ಕೊಡಲಿಲ್ಲ. ಬಾಗಿಲು ದಾಟಿದವನು ಬಾಗಿಲನ್ನು ತೆರೆದಿಡುತ್ತಾನೆ ಎಂದೇನಿಲ್ಲ.

1937ರಲ್ಲಿ ಪಟ್ಟ ಗೆದ್ದ ಜೋ ಲೂಯಿಸ್‌ಗೆ ಅವನ ಮ್ಯಾನೇಜರುಗಳು ನಿಯಮಗಳ ಪಟ್ಟಿಯನ್ನೇ ಕೊಟ್ಟಿದ್ದರು. ಸೋತ ಬಿಳಿಯನ ಎದುರು ಹಿಗ್ಗಬಾರದು, ಬಿಳಿಯ ಹೆಂಗಸರ ಜೊತೆ ಫೋಟೋ ತೆಗೆಸಿಕೊಳ್ಳಬಾರದು. ಜಾನ್ಸನ್ ನಕ್ಕಿದ್ದಕ್ಕೆ ಲೂಯಿಸ್ ಮೌನವಾಗಿರಬೇಕಾಯಿತು. ಲೂಯಿಸ್‌ನ ಮೌನದ ನಂತರವೇ ಅಲಿಯ ಬಾಯಿ ಸಾಧ್ಯವಾಯಿತು. ಅಲಿಯ ಬಾಯಿ ಅವನ ಆಟದಿಂದ ಬೇರೆಯಲ್ಲ; ಅವನ ಕಾಲುಗಳಷ್ಟೇ ಅದೂ ಎದುರಾಳಿಯನ್ನು ಕೆಣಕುತ್ತಿತ್ತು. ಹಾಗಾದರೆ 1935ಕ್ಕೆ ಕಳಿಸುವ ಅಲಿ ಬಾಯಿ ಇದ್ದ ಅಲಿಯೋ, ಇಲ್ಲದ ಅಲಿಯೋ? ನಮ್ಮ ಟೈಸನ್ ವಿಷಯವೂ ಹೀಗೆಯೇ. ಹುಡುಗನಾಗಿದ್ದಾಗ ಅವನು ರಾತ್ರಿಯಿಡೀ ಹಳೆಯ ಪಂದ್ಯಗಳ ಚಿತ್ರಸುರುಳಿ ನೋಡುತ್ತ ಕಲಿತವನು. ಅವನನ್ನು ಆ ಕಾಲಕ್ಕೆ ಕಳಿಸುವ ನಾವು, ಅವನು ಅಲ್ಲಿಂದಲೇ ಬಂದವನು ಎಂಬುದನ್ನು ಮರೆಯುತ್ತೇವೆ.

ಇಷ್ಟು ಓದಿ 'ಪಾಪ, ಅಮೆರಿಕ' ಎಂದು ಪುಸ್ತಕ ಮುಚ್ಚಿಡಬಹುದಿತ್ತು. ಆದರೆ ಇದೇ ಕಲ್ಪನೆಯನ್ನು ನಮ್ಮ ಮೈದಾನಕ್ಕೆ ತಂದರೆ ಮೊದಲು ಸಿಗುವ ಹೆಸರು ಧಾರವಾಡದಲ್ಲಿ ಹುಟ್ಟಿದ ಒಬ್ಬ ಸ್ಪಿನ್ನರ್‌ನದು.

ಪಾಲ್ವಣಕರ್ ಬಾಳೂ ಹುಟ್ಟಿದ್ದು 1876ರಲ್ಲಿ, ಧಾರವಾಡದಲ್ಲಿ. ಚರ್ಮದ ಕೆಲಸದ ಸಮುದಾಯದ ಕುಟುಂಬ. ತಂದೆ ಸೈನ್ಯದ ಕೆಲಸದಲ್ಲಿದ್ದುದರಿಂದ ಹುಡುಗ ಪುಣೆಯಲ್ಲಿ ಬೆಳೆದ. ಪಾರ್ಸಿಗಳ ಕ್ಲಬ್ಬಿನಲ್ಲಿ ಪಿಚ್ ಗುಡಿಸಿ ಉರುಳು ಎಳೆಯುವುದಕ್ಕೆ ತಿಂಗಳಿಗೆ 3 ರೂಪಾಯಿ. 1892ರಲ್ಲಿ ಬಿಳಿಯರ ಕ್ಲಬ್ಬಿಗೆ ಹೋದಾಗ 4 ರೂಪಾಯಿ. ಅಲ್ಲಿ ಇಂಗ್ಲಿಷ್ ಆಟಗಾರರಿಗೆ ನೆಟ್ಸ್‌ನಲ್ಲಿ ಗಂಟೆಗಟ್ಟಲೆ ಬೌಲಿಂಗ್ ಮಾಡುತ್ತ ಎಡಗೈ ಸ್ಪಿನ್ ಪಳಗಿತು. ಬ್ಯಾಟು ಮಾತ್ರ ಅವನ ಕೈಗೆ ಕೊಡಲಿಲ್ಲ. ಪುಣೆಯ ಹಿಂದೂ ತಂಡದವರಿಗೆ ಯುರೋಪಿಯನ್ನರನ್ನು ಸೋಲಿಸಲು ಅವನು ಬೇಕಾದ, ಚರ್ಚೆ ಮಾಡಿಯೇ ಸೇರಿಸಿಕೊಂಡರು. ಮೈದಾನದಲ್ಲಿ ಎಲ್ಲರೂ ಒಂದೇ ಚೆಂಡು ಮುಟ್ಟುತ್ತಿದ್ದರು. ಚಹಾದ ಹೊತ್ತಿಗೆ ಮಾತ್ರ ಬಾಳೂಗೆ ಪೆವಿಲಿಯನ್ನಿನ ಹೊರಗೆ, ಕುಡಿದು ಎಸೆಯುವ ಮಣ್ಣಿನ ಕುಡಿಕೆ. 1911ರಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದ ಭಾರತ ತಂಡ ಇಂಗ್ಲೆಂಡಿಗೆ ಹೋದಾಗ ಈ ಬಾಳೂ 114 ವಿಕೆಟ್ ಪಡೆದ. ಆದರೂ ಹಿಂದೂ ತಂಡದ ನಾಯಕನಾಗಿ ಅವನನ್ನು ಆರಿಸಲಿಲ್ಲ. 1923ರಲ್ಲಿ ಆ ಪಟ್ಟ ಸಿಕ್ಕಿದ್ದು ತಮ್ಮ ವಿಠಲನಿಗೆ. ಈ ಕತೆಯನ್ನು ವಿವರವಾಗಿ ಓದಬೇಕೆನ್ನುವವರು ರಾಮಚಂದ್ರ ಗುಹ ಅವರ 2002ರ 'ಎ ಕಾರ್ನರ್ ಆಫ್ ಎ ಫಾರಿನ್ ಫೀಲ್ಡ್' ನೋಡಬೇಕು.

ಈಗ 'ಲಗಾನ್' ನೆನಪಿಸಿಕೊಳ್ಳಿ. 2001ರ ಆ ಸಿನಿಮಾದ ಕಥೆ ನಡೆಯುವುದು 1893ರಲ್ಲಿ. ಅದರಲ್ಲಿ ಕಚ್ರಾ ಎಂಬ ಅಸ್ಪೃಶ್ಯ ಸ್ಪಿನ್ನರ್ ಇದ್ದಾನೆ. ಅವನನ್ನು ತಂಡಕ್ಕೆ ಸೇರಿಸಿದಾಗ ಊರಿನವರು ಬೆನ್ನು ತಿರುಗಿಸುತ್ತಾರೆ, ನಾಯಕ ಭುವನ್ ಒಂದು ಭಾಷಣ ಮಾಡುತ್ತಾನೆ, ಎಲ್ಲರೂ ತಲೆತಗ್ಗಿಸಿ ಒಪ್ಪುತ್ತಾರೆ. ಕಚ್ರಾ ಪಂದ್ಯದಲ್ಲಿ ಹ್ಯಾಟ್ರಿಕ್ ಪಡೆಯುತ್ತಾನೆ. ನಾನು ಶಾಲೆಯಲ್ಲಿದ್ದಾಗ ಆ ದೃಶ್ಯಕ್ಕೆ ಶಿಳ್ಳೆ ಹೊಡೆದವನು. ಈಗ ನೋಡಿದರೆ ಅದೇ ಕಾಲಯಂತ್ರ ಕಾಣುತ್ತದೆ. ನಮ್ಮ ಕಾಲದ ಒಳ್ಳೆಯತನವನ್ನು 1893ಕ್ಕೆ ಕಳಿಸಿ, ಜಾತಿಯನ್ನು ಒಂದು ಭಾಷಣಕ್ಕೆ ಕರಗಿಸಿಬಿಡುವ ಯಂತ್ರ. ನಿಜವಾದ 1893ರಲ್ಲಿ 17 ವರ್ಷದ ಬಾಳೂ ಪುಣೆಯಲ್ಲಿ ಬಿಳಿಯರಿಗೆ ಬೌಲಿಂಗ್ ಮಾಡುತ್ತಿದ್ದ. ಮುಂದೆ ಸ್ವಂತ ಜನರ ತಂಡ ಸೇರಿದ ಮೇಲೂ ವಿಕೆಟ್ಟುಗಳು ಕುಡಿಕೆಯನ್ನು ಒಂದೇ ದಿನದಲ್ಲಿ ಬದಲಿಸಲಿಲ್ಲ. ಲಗಾನ್‌ನಲ್ಲಿ ಪಂದ್ಯ ಗೆದ್ದ ಮಾರನೆಯ ದಿನ ಕಚ್ರಾಗೆ ನೀರು ಕೊಟ್ಟಿದ್ದು ಯಾವ ಲೋಟದಲ್ಲಿ? ಸಿನಿಮಾ ಅಷ್ಟು ಹೊತ್ತು ನಿಲ್ಲುವುದಿಲ್ಲ.

ಇನ್ನು ನನ್ನ ಊರಿಗೆ ಬರುತ್ತೇನೆ. ಈ ಲೇಖನ ಬರೆಯಲು ಹಿಂಜರಿದದ್ದು ಇದಕ್ಕಾಗಿಯೇ.

2020ರ ಫೆಬ್ರವರಿ 1ರಂದು ಐಕಳದ ಕಂಬಳದಲ್ಲಿ ಮಿಜಾರಿನ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಭಾಗಾಕಾರ ಮಾಡಿ 100 ಮೀಟರಿಗೆ 9.55 ಸೆಕೆಂಡು ಎಂದರು. ಉಸೇನ್ ಬೋಲ್ಟ್‌ನ ವಿಶ್ವದಾಖಲೆ 9.58. ದೇಶವೆಲ್ಲ ಕುಣಿಯಿತು. ಕೆಲವೇ ದಿನಗಳಲ್ಲಿ ನಮ್ಮ ಕಾರ್ಕಳ ತಾಲ್ಲೂಕಿನ ಬಜಗೋಳಿಯ ನಿಶಾಂತ್ ಶೆಟ್ಟಿಯವರು ವೇಣೂರಿನಲ್ಲಿ ಅದನ್ನೂ ಮೀರಿಸಿದರು. ಕ್ರೀಡಾ ಸಚಿವರು ಟ್ರ್ಯಾಕ್‌ಗೆ ಕರೆದಾಗ ಶ್ರೀನಿವಾಸ ಗೌಡರು ಹೋಗಲಿಲ್ಲ. ಓಟದ ಶ್ರೇಯಸ್ಸನ್ನು ಕೋಣಗಳಿಗೂ ಕೊಟ್ಟರು. ಈ ಇಡೀ ಗದ್ದಲದಲ್ಲಿ ಪ್ರಬುದ್ಧವಾಗಿ ವರ್ತಿಸಿದವರು ಅವರೇ ಎಂದು ನನಗನ್ನಿಸುತ್ತದೆ. ಕೋಣ ಎಳೆಯುವ ಓಟ ಬೇರೆ, ಒಂಟಿಯಾಗಿ ಓಡುವುದು ಬೇರೆ ಎಂಬುದು ಗದ್ದೆಯವರಿಗೆ ಗೊತ್ತಿತ್ತು.

ಆದರೆ ನನ್ನ ಪ್ರಬಂಧದ ಎರಡನೆಯ ಅಧ್ಯಾಯದಲ್ಲಿ ನಾನು ಹೆಮ್ಮೆಯಿಂದ ಒಂದು ಕೋಷ್ಟಕ ಹಾಕಿದ್ದೆ. ಹೆಸರು, ಊರು, ಕರೆಯ ಉದ್ದ, ಸೆಕೆಂಡು. ಕೆಳಗೆ ಒಂದು ವಾಕ್ಯ: ಗಡಿಯಾರವಿಲ್ಲದ ಕಾಲದಲ್ಲಿ ಈ ಗದ್ದೆಗಳಲ್ಲಿ ಇನ್ನೆಂಥ ಓಟಗಾರರು ಓಡಿರಬಹುದು! ಉದ್ಗಾರ ಚಿಹ್ನೆಯೂ ಇತ್ತು. ನಾನು ಕಲ್ಪಿಸಿಕೊಂಡದ್ದು ಮೈಕಟ್ಟಿನ, ಮುಂಡಾಸಿನ, ಬೆತ್ತ ಹಿಡಿದ ಓಟಗಾರರನ್ನು.

ಕರ್ನಾಟಕದಲ್ಲಿ 2000ನೇ ಇಸವಿಯ ಒಂದು ಕಾನೂನಿದೆ: ಕೊರಗರ ಅಜಲು ಪದ್ಧತಿ ನಿಷೇಧ ಅಧಿನಿಯಮ. ಅಜಲು ಎಂದರೇನು ಎಂದು ಹೇಳುವಲ್ಲಿ ಅದು ಕೆಲವು ಕೃತ್ಯಗಳನ್ನು ಹೆಸರಿಸುತ್ತದೆ. ಕೂಲಿ ಕೊಡದೆ ಅಥವಾ ಕಡಿಮೆ ಕೊಟ್ಟು ದುಡಿಸುವುದು. ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುವುದು. ಕಂಬಳ ಶುರುವಾಗುವ ಮೊದಲು ಕೊರಗರನ್ನು ಕೋಣಗಳಂತೆ ಓಡಿಸುವುದು. ಕಾನೂನು ಇಲ್ಲದ್ದನ್ನು ನಿಷೇಧಿಸುವುದಿಲ್ಲ. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ಜಾತಿ, ಬುಡಕಟ್ಟುಗಳ ಸಂಪುಟಗಳಲ್ಲೂ ಕಂಬಳದ ಹಿಂದಿನ ರಾತ್ರಿ ಇಬ್ಬನಿಯಲ್ಲಿ ಡೋಲು ಬಡಿಯುತ್ತ ಕೂರುವ ಕೊರಗರ 'ಪನಿ ಕುಲ್ಲುನಿ'ಯ ಪ್ರಸ್ತಾಪವಿದೆ. ಅಂದರೆ ಗಡಿಯಾರವಿಲ್ಲದ ಕಾಲದಲ್ಲಿ ಆ ಕೆಸರಿನಲ್ಲಿ ಓಡಿದವರು ಎರಡು ಬಗೆಯವರು. ಒಬ್ಬರ ಓಟಕ್ಕೆ ಗೆಲುವು, ಸೋಲು ಎಂಬ ಹೆಸರಿತ್ತು. ಇನ್ನೊಬ್ಬರ ಓಟಕ್ಕೆ ಓಟ ಎಂಬ ಹೆಸರೂ ಇರಲಿಲ್ಲ.

ಇದನ್ನು ಓದಿದ ಮೇಲೆ ಅಜ್ಜಿಯನ್ನು ಕೇಳಿದೆ. ನಮ್ಮ ಮನೆಯವರು ಕರೆಯ ಬದುವಿನ ಮೇಲೆ ನಿಂತು ನೋಡುವವರ ಪೈಕಿ. ಅಜ್ಜಿ ಎಲೆಅಡಿಕೆ ಹಾಕಿಕೊಳ್ಳುತ್ತ, ಕೇಳಬಾರದ್ದನ್ನೇನೂ ಕೇಳಿಲ್ಲ ಎಂಬಂತೆ ಹೇಳಿದರು: "ಹೌದು, ಮೊದಲು ಅವರನ್ನು ಓಡಿಸ್ತಿದ್ರು. ಕಲ್ಲುಗಿಲ್ಲು, ಮುಳ್ಳು ಉಂಟಾ ಅಂತ ಗೊತ್ತಾಗ್ಬೇಕಲ್ಲ, ಕೋಣದ ಕಾಲಿಗೆ ಹೆಟ್ಟಿದ್ರೆ?" ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳಿದರು: "ಲಾಯ್ಕ ಓಡ್ತಿದ್ರು."

ನನ್ನ ಕೋಷ್ಟಕಕ್ಕೆ ಬೇಕಾಗಿದ್ದ ಸಾಕ್ಷಿ ಅದು. ಅವರು ಚೆನ್ನಾಗಿ ಓಡುತ್ತಿದ್ದರೆಂದು ನೋಡಿದವರು ಇದ್ದಾರೆ. ಅಜ್ಜಿಯ ಕಣ್ಣಿಗೆ ಅದು ಬಿದ್ದಿತ್ತು. ಎಪ್ಪತ್ತು ವರ್ಷ ಅದನ್ನು ಯಾರೂ ಕೇಳಿರಲಿಲ್ಲ, ಅಷ್ಟೇ. ಶ್ರೀನಿವಾಸ ಗೌಡರನ್ನೋ ಬೋಲ್ಟ್‌ನನ್ನೋ ನೂರು ವರ್ಷ ಹಿಂದಿನ ಕಂಬಳಕ್ಕೆ ಕಳಿಸುವ ಆಟ ಆಡುವುದಾದರೆ ಮೊದಲ ಪ್ರಶ್ನೆ ಎಷ್ಟು ಸೆಕೆಂಡು ಎಂಬುದಾಗಲಾರದು. ಜಮೈಕಾದ ಕಬ್ಬಿನ ತೋಟಗಳ ಗುಲಾಮರ ನಾಡಿನಿಂದ ಬಂದ ಆ ಕಪ್ಪು ಓಟಗಾರನನ್ನು ನಮ್ಮ ಗುತ್ತಿನ ಮನೆಗಳು ಕೋಣದ ಹಿಂದೆ ಓಡಿಸುತ್ತಿದ್ದವೋ, ಕೋಣಕ್ಕಿಂತ ಮುಂಚೆಯೋ?

ಕಲ್ಪನೆಯೇ ತಪ್ಪು ಎಂದು ನಾನು ಹೇಳುತ್ತಿಲ್ಲ. ನಮ್ಮ ಕರಾವಳಿಯ ಸಾಹಿತ್ಯವೇ ಈ ಕಲ್ಪನೆಯನ್ನು ಸರಿಯಾಗಿ ಮಾಡುವ ದಾರಿ ತೋರಿಸಿದೆ. ಶಿವರಾಮ ಕಾರಂತರ 'ಚೋಮನ ದುಡಿ' (1933) ಓದಿ. ಚೋಮನ ಬಳಿ ಒಂದು ಜೊತೆ ಎತ್ತುಗಳಿವೆ, ರಟ್ಟೆಯಲ್ಲಿ ಬಲವಿದೆ, ಮಣ್ಣಿನ ಆಸೆಯಿದೆ. ಅಸ್ಪೃಶ್ಯನಾದ ಅವನಿಗೆ ಉಳಲು ಗದ್ದೆ ಸಿಗುವುದಿಲ್ಲ. ಒಬ್ಬ ಸಾಮಾನ್ಯ ಕಥೆಗಾರ ಅವನಿಗೆ ಎಲ್ಲಿಂದಾದರೂ ಒಂದು ತುಂಡು ನೆಲ ಕೊಡಿಸಿ, ಅವನು ಎಂಥ ಬೇಸಾಯಗಾರ ಎಂದು ತೋರಿಸಿ ನಮ್ಮ ಕಣ್ಣು ಒದ್ದೆ ಮಾಡುತ್ತಿದ್ದ. ಕಾರಂತರು ಹಾಗೆ ಮಾಡಲಿಲ್ಲ. ಚೋಮ ಒಳ್ಳೆಯ ಬೇಸಾಯಗಾರನೇ ಎಂಬುದು ನಮಗೆ ಕೊನೆಗೂ ಗೊತ್ತಾಗುವುದಿಲ್ಲ. ಅದನ್ನು ತಿಳಿಯುವ ಅವಕಾಶವನ್ನೇ ಅವನ ಕಾಲ ಕಿತ್ತುಕೊಂಡಿತ್ತು. ಎತ್ತುಗಳನ್ನು ಬಿಟ್ಟುಬಿಟ್ಟು ದುಡಿ ಬಡಿಯುತ್ತಲೇ ಅವನು ಸಾಯುತ್ತಾನೆ. ಆ ಗೊತ್ತಾಗದಿರುವಿಕೆಯನ್ನು ಓದುಗನ ತಲೆಯ ಮೇಲೆ ಹೊರಿಸಿ ಹೋಗುವುದು ಕಾದಂಬರಿಯ ಶಕ್ತಿ. ಕಂಪ್ಯೂಟರಿನ ಪಂದ್ಯ ಉತ್ತರ ಕೊಡುತ್ತದೆ, ಚೋಮ ಕೊಡುವುದಿಲ್ಲ.

ಪಾಡ್ದನದ ಕೋಟಿ ಚೆನ್ನಯರನ್ನೂ ಇಲ್ಲಿ ನೆನೆಯಬೇಕು. ಕಾರ್ಕಳದಲ್ಲಿ ಅವರ ಹೆಸರಿನ ಥೀಮ್ ಪಾರ್ಕ್ ಇದೆ, ಊರೂರಲ್ಲಿ ಗರಡಿಗಳಿವೆ. ನಾವು ಅವರನ್ನು ಕತ್ತಿ ಹಿಡಿದ ವೀರರಾಗಿ ಮಾತ್ರ ನೋಡಲು ಕಲಿತಿದ್ದೇವೆ. ಪಾಡ್ದನಕ್ಕೆ ಅಂಥ ಮರೆವಿಲ್ಲ. ಅದರಲ್ಲಿ ವೈರ ಹುಟ್ಟುವುದೇ ಗದ್ದೆಯಲ್ಲಿ, ಬಿತ್ತನೆ ಮತ್ತು ನೀರಿನ ವಿಷಯಕ್ಕೆ ಬುದ್ಯಂತನ ಜೊತೆ. ಹಾಡುವ ಹೆಂಗಸರು ವೀರರ ತೋಳನ್ನು ಗದ್ದೆಯ ಹಕ್ಕಿನಿಂದ ಬೇರೆ ಮಾಡಿ ಅಳೆಯಲಿಲ್ಲ.

ಅಲಿಯ ವಿಷಯದಲ್ಲೂ ಎರಡನೆಯ ಬಗೆಯ ಕಲ್ಪನೆಯೊಂದಿದೆ. ನಿಷೇಧದ ವರ್ಷಗಳಲ್ಲಿ ಅವನು ಜಾಕ್ ಜಾನ್ಸನ್ ಬದುಕನ್ನು ಆಧರಿಸಿದ ಹೋವರ್ಡ್ ಸ್ಯಾಕ್ಲರ್ ಅವರ 'ದಿ ಗ್ರೇಟ್ ವೈಟ್ ಹೋಪ್' ನಾಟಕ ನೋಡಲು ಹೋಗಿದ್ದ. ಇದು ತನ್ನದೇ ಕಥೆ ಎಂದು ಅವನಿಗನ್ನಿಸಿತು. ಕಂಪ್ಯೂಟರು ಅಲಿಯನ್ನು ಹಿಂದಕ್ಕೆ ಕಳಿಸಿ ಜೆಫ್ರೀಸ್ ಕೈಯಲ್ಲಿ ಸೋಲಿಸಿತು. ಅಲಿ ತಾನೇ ಹಿಂದಕ್ಕೆ ಹೋಗಿ ಜಾನ್ಸನ್ ಪಕ್ಕದಲ್ಲಿ ಕೂತ. ಎರಡೂ ಕಲ್ಪನೆಗಳೇ. ಒಂದಕ್ಕೆ ಅಂಕಿಗಳು ಸಾಕು. ಇನ್ನೊಂದಕ್ಕೆ ಆ ಕಾಲದ ನೋವು ಈಗಲೂ ಮುಗಿದಿಲ್ಲ ಎಂಬ ಅರಿವು ಬೇಕು.

ಮತ್ತೊಮ್ಮೆ ಜೋಡುರಸ್ತೆಯಲ್ಲಿ ಸಿಕ್ಕಾಗ ಇದನ್ನೆಲ್ಲ ಗೆಳೆಯರಿಗೆ ಹೇಳಿದೆ. ಜಾನ್ಸನ್‌ವರೆಗೆ ಅವರು ಆಸಕ್ತಿಯಿಂದ ಕೇಳಿದರು. ಕಂಬಳದ ಮಾತು ಬಂದಾಗ ಒಬ್ಬ ರಸ್ತೆ ಕಡೆ ನೋಡತೊಡಗಿದ. "ಈಗ ಅದೆಲ್ಲ ಎಲ್ಲುಂಟು, ಬಿಡು" ಎಂದ ಇನ್ನೊಬ್ಬ. ಇರಬಹುದು. ಕಂಬಳವನ್ನು ನಾನೂ ಬಿಟ್ಟಿಲ್ಲ, ಈ ವರ್ಷವೂ ಮಿಯ್ಯಾರಿಗೆ ಹೋಗುತ್ತೇನೆ.

ಪ್ರಬಂಧದ ಕೋಷ್ಟಕದಿಂದ ಆ ಉದ್ಗಾರದ ವಾಕ್ಯ ತೆಗೆದಿದ್ದೇನೆ. ಕೊನೆಗೆ ಒಂದು ಸಾಲು ಸೇರಿಸಿದ್ದೇನೆ: ಹೆಸರು ಇಲ್ಲ, ಊರು ಇಲ್ಲ, ಸೆಕೆಂಡು ಇಲ್ಲ. ಖಾಲಿ ಸಾಲು ಮುದ್ರಣದ ತಪ್ಪಿನಂತೆ ಕಾಣುತ್ತದೆ, ತುಂಬಿಸು ಇಲ್ಲವೇ ತೆಗೆ ಎಂದು ಮಾರ್ಗದರ್ಶಕರು ಹೇಳಿದರು. ಅದರ ಪಕ್ಕದಲ್ಲಿ 2000ದ ಆ ಕಾನೂನಿನ ಹೆಸರನ್ನು ಬರೆದಿದ್ದೇನೆ. ಅಜ್ಜಿಯ ಮಾತನ್ನು ಎಲ್ಲಿ ಸೇರಿಸುವುದೆಂದು ಇನ್ನೂ ತೋಚಿಲ್ಲ.